ಗಿಳಿಯ ಮೂರು ಮಾತು

ಜ್ವರದಿಂದ ಎದ್ದ ಗೊರವಂಕವೊಂದು ಮಂಜು ಕವಿದ ಕೆರೆಯ ದಡದಲ್ಲಿ ಕುಳಿತಿತ್ತು. ಅದರ ಬಳಗವೆಲ್ಲ ಆಚೆ ದಡಕ್ಕೆ ಹಾರಿಹೋಗಿತ್ತು. ಡಾಕ್ಟರರ ಮನೆಯಲ್ಲಿದ್ದು ಇಂಗ್ಲಿಷ್ ಕಲಿತಿದ್ದ ಗಿಳಿ ಅದನ್ನು ನೋಡಿ, "ನೀನು ವೀಕ್," ಎಂದಿತು. ತುಸು ಹೊತ್ತು ಬಿಟ್ಟು, "ಫೀಬಲ್ ಕೂಡ. ಫ್ರೇಲ್ ಕೂಡ," ಎಂದಿತು.

ಒಂದೊಂದು ಮಾತಿಗೂ ಗೊರವಂಕದ ರೆಕ್ಕೆ ಇನ್ನಷ್ಟು ಜೋತುಬಿತ್ತು. "ನನಗೆ ಇಷ್ಟೆಲ್ಲ ಕಾಯಿಲೆ ಬಂದಿದೆಯೇ?" ಎಂದು ಅದು ನಡುಗಿತು.

ನೀರಿನಿಂದ ತಲೆಯೆತ್ತಿದ ಆಮೆ ಗಿಳಿಯನ್ನು ಕೇಳಿತು: "ಅಣ್ಣಾ, ಆ ಮಾತುಗಳ ಅರ್ಥವೇನು?"

"ಮೂರಕ್ಕೂ ಶಕ್ತಿಯಿಲ್ಲ ಎಂದೇ ಅರ್ಥ."

"ಹಾಗಾದರೆ ಇವಳಿಗಿರುವುದು ಒಂದೇ ಕಷ್ಟ. ತಂಗೀ, ನನ್ನ ಬೆನ್ನ ಮೇಲೆ ಬಂದು ಕೂತುಕೋ."

ಆಮೆ ಮೆಲ್ಲಗೆ ಈಜಿತು. ಮಂಜಿನ ನಡುವೆ ಗೊರವಂಕಕ್ಕೆ ಜೊಂಪು ಹತ್ತಿತು. ಆಚೆ ದಡದ ಮರದಿಂದ ಬಳಗದ ಕೂಗು ಕೇಳಿಸಿದಾಗ ಅದು ಏನೂ ಯೋಚಿಸದೆ ರೆಕ್ಕೆ ಬಿಚ್ಚಿ ಹಾರಿತು. ಬೆನ್ನು ಹಗುರಾದದ್ದಷ್ಟೇ ಆಮೆಗೆ ಗೊತ್ತಾಯಿತು.