ಕುರ್ಚಿಯ ಮೇಲೆ ಕೂತ ಅಡುಗೆಯವನು

"ಅಮ್ಮಾ, ಬದುಕಿಡೀ ಮಾಡುವ ಕೆಲಸವನ್ನು ಮೊದಲೇ ಹೇಗೆ ಗೊತ್ತು ಮಾಡಿಕೊಳ್ಳಬೇಕು?" ಎಂದು ಶಾಂಭವಿ ಕೇಳಿದಳು.

ಅವಳು ತಾಯಮ್ಮನ ಬಳಿ ಹೊಲಿಗೆ ಕಲಿಯಲು ಬರುತ್ತಿದ್ದ ಹುಡುಗಿ. ಪ್ರಶ್ನೆಯ ಜೊತೆಗೆ ಉತ್ತರವನ್ನೂ ಕಟ್ಟಿಕೊಂಡೇ ಬಂದಿದ್ದಳು. ಮೊದಲು ಸ್ವಂತ ಮಿಷನ್ನು, ಆಮೇಲೆ ಪೇಟೆಯಲ್ಲಿ ಅಂಗಡಿ, ಆಮೇಲೆ ಕೈಕೆಳಗೆ ನಾಲ್ಕು ಜನ, ಕೊನೆಗೆ ತಾನು ಸೂಜಿಯನ್ನೇ ಮುಟ್ಟಬೇಕಿಲ್ಲದ ಕಾಲ. ಇದನ್ನೆಲ್ಲ ಮರುದಿನ ಸೋದರಮಾವನ ಮುಂದೆ ಹೇಳಿ ಒಪ್ಪಿಸಬೇಕಿತ್ತು. ಹೇಳಬೇಕಾದ ಮಾತು ಬಾಯಿಪಾಠವಾಗಿತ್ತು, ಎದೆ ಮಾತ್ರ ಅಳುಕುತ್ತಿತ್ತು.

ತಾಯಮ್ಮ ಕತ್ತರಿ ಕೆಳಗಿಟ್ಟಳು. ಬೀದಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಬಾಗಿಲು ಮುಂದಕ್ಕೆ ಮಾಡು. ಈ ಮಾತು ನಿನ್ನ ಕಿವಿ ದಾಟಬಾರದು. ನಿಮ್ಮಮ್ಮನಿಗೂ ಹೇಳಕೂಡದು, ಅವಳಿಗೆ ಹೇಳುವುದೂ ಒಂದೇ, ನಲ್ಲಿ ಹತ್ತಿರ ನಿಂತು ಕೂಗುವುದೂ ಒಂದೇ. ಹೆಸರು ಕೇಳಬೇಡ, ಹೇಳಿದರೆ ನಾಳೆಯೇ ಅವರ ಮನೆ ಮುಂದೆ ಹೋಗಿ ಇಣುಕುತ್ತೀಯ. ಒಬ್ಬ ಅಡುಗೆಯವನು, ಅವನ ಹೆಂಡತಿ, ಪಕ್ಕದ ಮನೆಯವಳು. ಇಷ್ಟೇ ಇಟ್ಟುಕೋ."

ಹಾಗೆಂದು ಅವಳು ಹೇಳಿದ ಕತೆ ಇದು.

ಒಬ್ಬ ಅಡುಗೆಯವನಿದ್ದ. ಮದುವೆ ಮುಂಜಿಗಳಿಗೆ ಅಡುಗೆ ಮಾಡುವುದು ಅವನ ಕಸುಬು. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಕೂತು ಮುಂದಿನ ಬದುಕನ್ನೆಲ್ಲ ಮಾತಿನಲ್ಲೇ ಕಟ್ಟಿದರು. ಈಗ ತರಕಾರಿ ಹೆಚ್ಚುವವನು. ಮುಂದೆ ಒಲೆಯ ಹತ್ತಿರ ನಿಲ್ಲುವವನು. ಅದರ ಮುಂದೆ ಮುಖ್ಯ ಅಡುಗೆಯವನು. ಆಮೇಲೆ ಕಂಟ್ರಾಕ್ಟು. ಕಡೆಗೆ ಸ್ವಂತದ್ದೊಂದು ಛತ್ರ. ಹೆಂಡತಿ ಗಟ್ಟಿಗಿತ್ತಿ. ಗಂಡ ಯಾವ ಮೆಟ್ಟಿಲಲ್ಲಾದರೂ ಉಸಿರು ತೆಗೆದುಕೊಳ್ಳಲು ನಿಂತರೆ ಹಿಂದಿನಿಂದ ದೂಡುತ್ತಿದ್ದಳು. ಅಂದುಕೊಂಡದ್ದೆಲ್ಲ ಅಂದುಕೊಂಡ ಹಾಗೇ ನಡೆಯಿತು. ಛತ್ರ ಒಂದು ಬಾಕಿ ಉಳಿಯಿತು.

ಅಷ್ಟು ಹೊತ್ತಿಗೆ ಅವನ ಜಾಗ ಅಡುಗೆಮನೆಯ ಬಾಗಿಲಿಗೆ ಬಂದಿತ್ತು. ಅಲ್ಲಿ ಕುರ್ಚಿ ಹಾಕಿಕೊಂಡು, ಹೆಗಲ ಮೇಲೆ ಜರಿಯಂಚಿನ ವಲ್ಲಿ ಇಳಿಬಿಟ್ಟುಕೊಂಡು ಕೂರುತ್ತಿದ್ದ. ಒಳಗೆ ಬೇರೆಯವರು ಬೇಯಿಸುತ್ತಿದ್ದರು. ಬೀಗರು ಬಂದು ಇವನಿಗೆ ಕೈಮುಗಿಯುತ್ತಿದ್ದರು. ಅದನ್ನು ನೋಡಿ ಹೆಂಡತಿಗೆ ಹೊಟ್ಟೆ ತುಂಬುತ್ತಿತ್ತು.

ಆ ಅಡುಗೆಯವರಲ್ಲಿ ಒಂದು ಪದ್ಧತಿ. ದೇವರಿಗೆ ನೈವೇದ್ಯವಾಗಿ ಎಲೆಗೆ ಬಡಿಸುವ ತನಕ ಅಡುಗೆಯನ್ನು ನಾಲಿಗೆಗೆ ಮುಟ್ಟಿಸುವ ಹಾಗಿಲ್ಲ. ಉಪ್ಪು, ಹುಳಿ, ಖಾರ ಎಲ್ಲವನ್ನೂ ಹಬೆಯ ವಾಸನೆಯಲ್ಲೇ ತಿಳಿಯಬೇಕು. ಉಪ್ಪು ಬಿದ್ದ ಸಾರಿನ ಹಬೆಯೇ ಬೇರೆ, ಬೀಳದ ಸಾರಿನ ಹಬೆಯೇ ಬೇರೆ ಎನ್ನುತ್ತಾರೆ. ಒಲೆಯ ಮುಂದೆ ನಿಂತಷ್ಟು ಕಾಲ ಇವನ ಮೂಗು ಒಮ್ಮೆಯೂ ತಪ್ಪಿರಲಿಲ್ಲ. ಆದರೆ ಹಬೆ ಬಾಗಿಲಲ್ಲಿದ್ದ ಕುರ್ಚಿಯವರೆಗೆ ಬರುವುದಿಲ್ಲವಲ್ಲ. ಒಂದು ದೊಡ್ಡ ಮನೆಯ ಮದುವೆಯಲ್ಲಿ ಉಪ್ಪೇ ಬೀಳದ ಸಾರು ಪಂಕ್ತಿಗೆ ಹೋಯಿತು. ಉಂಡವರು ಮುಖ ಮುಖ ನೋಡಿಕೊಂಡು ನಕ್ಕಾಗ ಇವನಿಗೆ ಗೊತ್ತಾಯಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂದು ಮನೆಗೆ ಬಂದವನು ಗೋಡೆಗೆ ಮುಖ ಮಾಡಿ ಮಲಗಿದ.

ಅದಾದ ಮೇಲೆ ಶುರುವಾಯಿತು. ಮದುವೆಯ ಕೆಲಸ ಇಲ್ಲದ ದಿನ ಬಿಸಿಲೇರುವ ಹೊತ್ತಿಗೆ ಮನೆಯಿಂದ ಹೊರಡುವುದು. ಎಲ್ಲಿಗೆ ಎಂದರೆ ಛತ್ರಕ್ಕೆ ಜಾಗ ನೋಡಲು ಎನ್ನುವುದು. ಮಧ್ಯಾಹ್ನ ಕಳೆದ ಮೇಲೆ ಬಂದು ಹಸಿವಿಲ್ಲ ಎನ್ನುವುದು. ಅದನ್ನೂ ಹೇಗೋ ಸಹಿಸಬಹುದಿತ್ತು. ಬಂದವನು ಬಾಯಲ್ಲಿ ಹಾಡು ಗುನುಗುತ್ತಿದ್ದ. ಅದನ್ನು ಸಹಿಸುವುದು ಯಾವ ಹೆಂಡತಿಯಿಂದ ತಾನೇ ಆಗುತ್ತದೆ?

ಒಂದು ದಿನ ಅವನ ಅಂಗಿಯ ಎದೆಯ ಮೇಲೆ ಅರಿಶಿನದ ಕಲೆ ಕಂಡಿತು. ಹೆಂಡತಿ ಅದನ್ನು ಹಿತ್ತಲಿಗೆ ಒಯ್ದು, ಯಾರಿಗೂ ಕಾಣದ ಹಾಗೆ ಉಜ್ಜತೊಡಗಿದಳು. ಆದರೆ ಪಕ್ಕದ ಮನೆಯವಳ ಕಣ್ಣಿಗೆ ಬೀಳದ ಬಟ್ಟೆ ಆ ಬೀದಿಯಲ್ಲೇ ಇರಲಿಲ್ಲ. ಬೇಲಿಯ ಮೇಲಿಂದ ಬಗ್ಗಿ ನೋಡಿ ಅವಳು ಕೇಳಿದಳು.

"ಅಲ್ಲ ಕಣಮ್ಮ, ಅರಿಶಿನ ಸರಿಯಾಗಿ ಒಂದು ಕೆನ್ನೆಯ ಎತ್ತರಕ್ಕೇ ಇದೆಯಲ್ಲ. ನಿನ್ನ ಕೆನ್ನೆಯಂತೂ ಅಲ್ಲ, ನೀನು ಹಚ್ಚೋದು ಬಿಟ್ಟು ಯಾವ ಕಾಲವಾಯ್ತು?"

ಅಷ್ಟಕ್ಕೇ ನಿಲ್ಲಿಸಲಿಲ್ಲ. ವಿಚಾರಿಸಿದಳು, ಅವನು ಹೋಗುವ ದಿಕ್ಕಿನ ದವಸದ ಮಂಡಿಗೆ ಹೋಗಿ ಬರುವವರನ್ನು ಕರೆದು ಕೂರಿಸಿ ಕಾಫಿ ಕೊಟ್ಟು ಕೇಳಿದಳು. ಸುದ್ದಿ ಸಿಕ್ಕಿತು. ಮಂಡಿಯ ಹಿಂದಿನ ಗಲ್ಲಿಯಲ್ಲಿ ಗಂಡನಿಲ್ಲದ ಒಬ್ಬ ಹೆಂಗಸು ಖಾನಾವಳಿ ನಡೆಸುತ್ತಾಳೆ, ಇವನು ದಿನವೂ ಹೋಗುವುದು ಅಲ್ಲಿಗೆ, ಹೋಗುವುದು ಹಿಂದಿನ ಬಾಗಿಲಿಂದ. ಈ ಸುದ್ದಿಯನ್ನು ಅವಳು ಬಾಳೆಎಲೆಯ ಮೇಲೆ ಹೋಳಿಗೆ ಬಡಿಸುವ ಹಾಗೆ ಬಡಿಸಿದಳು. ಗಂಡ ಸತ್ತವಳಿಗೆ ಅರಿಶಿನ ಎಲ್ಲಿಂದ ಬಂತು, ಅದನ್ನೂ ಕೇಳಿಕೊಂಡು ಬಾ ಎಂದು ಮೇಲೆ ತುಪ್ಪವನ್ನೂ ಹಾಕಿದಳು.

ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಸಂಸಾರ ಎರಡು ಮನೆಯಾಯಿತು ಎಂದುಕೊಂಡಳು. ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿದ್ದು ತಾನು, ಮೇಲೆ ಕೂತು ಉಣ್ಣುವವಳು ಇನ್ನೊಬ್ಬಳು. ಮರುದಿನ ಗಂಡ ಹೊರಟ ಮೇಲೆ ಸೆರಗು ಬಿಗಿದುಕೊಂಡು ತಾನೂ ಹೊರಟಳು. ದಾರಿಯುದ್ದಕ್ಕೂ ಆಡಬೇಕಾದ ಬೈಗುಳವನ್ನು ಜೋಡಿಸಿಕೊಂಡಳು. ಇಡೀ ಗಲ್ಲಿ ಬಂದು ನಿಲ್ಲುವ ಹಾಗೆ ಕೂಗಬೇಕು ಎಂದುಕೊಂಡಿದ್ದಳು.

ಹಿಂದಿನ ಬಾಗಿಲಿಗೆ ಬಂದು ಬಾಯಿ ತೆರೆದಳು. ಬೈಗುಳ ಹೊರಡುವ ಮೊದಲೇ ಒಗ್ಗರಣೆಯ ವಾಸನೆ ಮೂಗಿಗೆ ಬಂತು. ಬಾಣಲೆಯನ್ನು ಒಲೆಯಿಂದ ಇಳಿಸಿದ ಮೇಲೆ ಇಂಗು ಹಾಕುವ ಕೈ ಆ ಊರಿನಲ್ಲಿ ಒಂದೇ ಇತ್ತು.

ಒಳಗೆ ನೋಡಿದಳು. ಗಂಡ ಪಂಚೆ ಮೇಲೆ ಕಟ್ಟಿ ಒಲೆಯ ಮುಂದೆ ನಿಂತಿದ್ದ. ಜರಿಯ ವಲ್ಲಿ ಮನೆಯಲ್ಲೇ ಇತ್ತು, ಹಾಗಾಗಿ ಅರಿಶಿನದ ಕೈಯನ್ನು ಅಂಗಿಯ ಎದೆಗೇ ಒರೆಸಿಕೊಳ್ಳುತ್ತಿದ್ದ. ಮೂಲೆಯ ಮಣೆಯ ಮೇಲೆ ಖಾನಾವಳಿಯ ಹೆಂಗಸು, ಅವನ ತಾಯಿಯ ವಯಸ್ಸಿನ ಮುದುಕಿ, ಬಾತ ಮುಂಗೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಬೇಳೆ ತಳ ಹಿಡಿಯುತ್ತಿದೆ, ಕಣ್ಣು ಎಲ್ಲಿಟ್ಟಿದ್ದೀಯ ಎಂದು ಅಲ್ಲಿಂದಲೇ ಅವನನ್ನು ಗದರುತ್ತಿದ್ದಳು. ಬೀಗರಿಂದ ಕೈಮುಗಿಸಿಕೊಳ್ಳುವ ಕಂಟ್ರಾಕ್ಟುದಾರ ಹೂಂ ಎಂದು ಸೌಟು ಆಡಿಸುತ್ತಿದ್ದ. ಆಚೆ ಸಾಲಾಗಿ ಕೂತ ಮೂಟೆ ಹೊರುವವರು, ಅಣ್ಣಾ ಇನ್ನೊಂದು ಸೌಟು ಎನ್ನುತ್ತಿದ್ದರು. ಅವನು ಯಾರೆಂದು ಅವರಿಗೂ ಗೊತ್ತಿರಲಿಲ್ಲ.

ಹೆಂಡತಿಯನ್ನು ಕಂಡು ಅವನು ಸೌಟು ಹಿಡಿದೇ ನಿಂತ.

"ದಿನಾ ಜಾಗ ನೋಡೋಕೇ ಹೊರಡ್ತಿದ್ದೆ ಕಣೇ," ಎಂದ. "ಇಲ್ಲಿಂದ ಮುಂದಕ್ಕೆ ಕಾಲು ಹೋಗಲಿಲ್ಲ."

ಆಗಿದ್ದು ಇಷ್ಟೇ. ಒಂದು ದಿನ ನಿಜವಾಗಿಯೂ ಜಾಗ ನೋಡಲು ಆ ಗಲ್ಲಿಗೆ ಬಂದಿದ್ದಾನೆ. ಕಿಟಕಿಯಿಂದ ಬಂದ ಹಬೆಗೆ ಮೂಗು ಎಚ್ಚೆತ್ತಿದೆ. ಸಾರಿಗೆ ಉಪ್ಪು ಬಿದ್ದಿಲ್ಲ ಎಂದು ಬೀದಿಯಿಂದಲೇ ಹೇಳಿದ್ದಾನೆ. ಮುದುಕಿ ಕೈನೋವಿನ ಸಿಟ್ಟಿನಲ್ಲಿ, ಅಷ್ಟು ತಿಳಿದವನಾದರೆ ಒಳಗೆ ಬಂದು ಹಾಕು ಎಂದಿದ್ದಾಳೆ. ಇವನು ಒಳಗೆ ಹೋಗಿ ಹಾಕಿದ್ದಾನೆ. ಸತ್ತಿತು ಎಂದುಕೊಂಡಿದ್ದ ಮೂಗು ಬದುಕಿದೆ ಎಂದು ತಿಳಿದು ಅವನಿಗೆ ಅಳುವೇ ಬಂದಿತಂತೆ. ಇದನ್ನು ಮನೆಯಲ್ಲಿ ಹೇಳುವುದು ಹೇಗೆ? ಇಷ್ಟು ವರ್ಷ ಹತ್ತಿದ್ದು ಇಳಿಯುವುದಕ್ಕೇ ಎಂದು ಹೆಂಡತಿಗೆ ಯಾವ ಬಾಯಲ್ಲಿ ಹೇಳಬೇಕು?

ಹೆಂಡತಿ ಒಳಗೆ ಬಂದಳು. ಅಲ್ಲೇ ಮೂಟೆಯವರ ಸಾಲಿನ ಕೊನೆಗೆ ಕೂತುಬಿಟ್ಟಳು. ನನಗೂ ಒಂದೆಲೆ ಹಾಕಿ ಎಂದಳು. ಉಂಡಳು. ಮತ್ತೆ ಹಾಕಿಸಿಕೊಂಡು ಉಂಡಳು. ಕಣ್ಣಲ್ಲಿ ನೀರು ಸುರಿಯಿತು, ಮೆಣಸು ಜಾಸ್ತಿಯಾಯಿತು ಎಂದಳು. ಬಹಳ ಕಾಲದ ಮೇಲೆ ಗಂಡನ ಕೈಯಡುಗೆ ಉಣ್ಣುತ್ತಿದ್ದೇನೆ ಎಂಬುದು ಅವಳಿಗೆ ಆಗ ಹೊಳೆಯಿತು.

ಮನೆಗೆ ಬರುವ ದಾರಿಯಲ್ಲಿ ಅವಳೇ ಮಾತು ತೆಗೆದಳು. ಕುರ್ಚಿ ನನಗೆ ಬಿಡಿ, ಒಲೆ ನೀವು ಇಟ್ಟುಕೊಳ್ಳಿ ಎಂದಳು. ಬೀಗರ ಜೊತೆ ಮಾತು, ಆಳುಗಳ ಮೇಲೆ ದರ್ಬಾರು, ಇವೆಲ್ಲ ಮೊದಲಿನಿಂದಲೂ ಅವಳಿಗೆ ಬೇಕಾಗಿದ್ದವು. ಇಷ್ಟು ವರ್ಷ ಅವಳು ತನ್ನ ಮೆಟ್ಟಿಲನ್ನು ಅವನ ಕಾಲಿನಲ್ಲಿ ಹತ್ತಿದ್ದಳು. ಛತ್ರ ಏನು ಮಾಡೋಣ ಎಂದು ಅವನು ಅಂಜುತ್ತ ಕೇಳಿದ. ಅದು ನನಗೆ ಬೇಕೆನಿಸಿದಾಗ ನಾನು ನೋಡಿಕೊಳ್ಳುತ್ತೇನೆ ಎಂದಳು. ತಲೆಯ ಮೇಲಿನ ಮೂಟೆಯನ್ನು ಯಾರೋ ಕೈಕೊಟ್ಟು ಇಳಿಸಿದ ಹಾಗೆ ಅವನು ನಡೆದ. ಅವಳ ಹೆಜ್ಜೆಯೂ ಹಗುರವಾಗಿತ್ತು. ಬೀದಿಯ ತಿರುವಿನಲ್ಲಿ ಇಬ್ಬರೂ ಯಾಕೆಂದು ಗೊತ್ತಿಲ್ಲದೆ ನಕ್ಕರು.

ತಾಯಮ್ಮ ಇಲ್ಲಿಗೆ ನಿಲ್ಲಿಸಿ ಕತ್ತರಿ ಕೈಗೆತ್ತಿಕೊಂಡಳು. ಶಾಂಭವಿ ತಡೆಯಲಾರದೆ ಕೇಳಿದಳು.

"ಪಕ್ಕದ ಮನೆಯವಳು ಸುಮ್ಮನಿದ್ದಳಾ ಅಮ್ಮಾ?"

"ಸುಮ್ಮನಿರುವ ಜನ್ಮವೇ ಅದು? ಗೇಟಿನಲ್ಲೇ ಕಾಯುತ್ತ ನಿಂತಿದ್ದಳು. ಇವಳು ತಲೆಯೆತ್ತಿಕೊಂಡು ಹೋಗಿ, ಹೆಂಗಸೂ ಇಲ್ಲ ಮಣ್ಣೂ ಇಲ್ಲ, ನನ್ನ ಗಂಡ ಒಲೆಯ ಮುಂದೆ ನಿಂತಿದ್ದರು ಅಷ್ಟೇ ಎಂದಳು. ಅದಕ್ಕೆ ಅವಳು ಮುಖದ ಮೇಲೆ ಹೊಡೆದ ಹಾಗೆ ಹೇಳಿದಳು: 'ಹೆಂಗಸಾಗಿದ್ದಿದ್ದರೆ ಒಂದಲ್ಲ ಒಂದು ದಿನ ಸಾಕಾಗಿ ಬಿಟ್ಟು ಬರ್ತಿದ್ದ ಕಣಮ್ಮ, ಈ ಒಲೆಯನ್ನ ಅವನು ಬಿಡೋನಲ್ಲ.'"