ಅರವಟ್ಟಿಗೆಯ ಮಡಕೆ

ಓಣಿಯ ಅರವಟ್ಟಿಗೆಯಲ್ಲಿ ಒಂದು ಮಣ್ಣಿನ ಮಡಕೆಯಿದ್ದಳು. ಯಾರನ್ನೂ ಬಾಯಾರಿಕೆಯಲ್ಲೇ ಕಳಿಸಿದವಳಲ್ಲ ಎಂಬುದೇ ಅವಳ ಹೆಮ್ಮೆ. ಈ ಬೇಸಿಗೆ ದೊಡ್ಡ ಮನೆಯ ಏಸಿ ಪೆಟ್ಟಿಗೆ ಅವಳ ನೆತ್ತಿಯ ಮೇಲಿನ ಗೋಡೆಗೆ ಬಂದು ಕೂತಿತು. ಒಳಗಿನ ಸೆಕೆಯನ್ನೆಲ್ಲ ಅದು ಓಣಿಗೆ ಊದುತ್ತಿತ್ತು. ಮಡಕೆಯ ನೀರು ಮಧ್ಯಾಹ್ನಕ್ಕೇ ತಳ ಕಾಣತೊಡಗಿತು.

“ಸ್ವಲ್ಪ ಆಚೆಗೆ ಊದು ತಮ್ಮಾ, ಸಂಜೆ ಬರುವವರಿಗೆ ನೀರುಳಿಯುವುದಿಲ್ಲ,” ಎಂದಳು ಮಡಕೆ.

“ಅಜ್ಜೀ, ನಾನು ಇಡೀ ಮನೆ ತಂಪು ಮಾಡುವವನು. ನೀನು ನಾಲ್ಕು ಲೋಟ ತಂಪು ಮಾಡುವುದಕ್ಕೇ ಇಷ್ಟು ಬೆವರುತ್ತೀಯಲ್ಲ.”

“ಬೆವರುತ್ತೇನೆ. ಆದರೆ ನಾನು ಸುರಿಸುವುದು ನನ್ನ ಮೈಯ ಬೆವರನ್ನು. ನೀನು ಸುರಿಸುವುದು ಊರವರದನ್ನು.”

ಓಣಿ ಕಾದಷ್ಟೂ ಮನೆಮನೆಗೂ ಪೆಟ್ಟಿಗೆಗಳು ಬಂದವು, ಪೆಟ್ಟಿಗೆಗಳು ಬಂದಷ್ಟೂ ಓಣಿ ಇನ್ನೂ ಕಾಯಿತು. ಒಂದು ದಿನ ಭಾರ ತಾಳದೆ ಕರೆಂಟು ಹೋಯಿತು. ದೊಡ್ಡ ಮನೆಯ ಯಜಮಾನ ಬೆವರೊರೆಸುತ್ತ ಇಳಿದುಬಂದು ಮಡಕೆಯೊಳಗೆ ಲೋಟ ಅದ್ದಿದ. ಇದ್ದದ್ದು ಅದೊಂದೇ ಲೋಟ ನೀರು.

“ಕುಡಿಯಪ್ಪಾ, ತಣ್ಣಗಿದೆ,” ಎಂದಳು ಮಡಕೆ. “ನಾನು ಯಾರನ್ನೂ ಬಾಯಾರಿಕೆಯಲ್ಲೇ ಕಳಿಸಿದವಳಲ್ಲ. ನಿನ್ನ ಹಿಂದೆ ನಿಂತವಳನ್ನು ಇವತ್ತು ಹಾಗೆ ಕಳಿಸುವವನು ನೀನು.”

ಯಜಮಾನ ತಿರುಗಿದ. ಸೊಪ್ಪಿನ ಬುಟ್ಟಿ ಹೊತ್ತವಳೊಬ್ಬಳು ನಿಂತಿದ್ದಳು. ಲೋಟವನ್ನು ಅವಳ ಕೈಗಿಟ್ಟು ಅವನು ಮಡಕೆಗೆ ಒಂದು ಕೊಡ ನೀರು ತರಲು ಹೋದ.

ಮಡಕೆ ಮೇಲೆ, ಕರೆಂಟಿಲ್ಲದೆ ನಿಂತುಹೋದ ಪೆಟ್ಟಿಗೆಯತ್ತ ನೋಡಿ ಕೇಳಿದಳು: “ಏನು ತಮ್ಮಾ, ಮಾತೇ ಇಲ್ಲ?”