ಬಿಲ್ಲೆಯಿಲ್ಲದ ಬಡಗಿ

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಮಠಕ್ಕೆ ಹೊಸದಾಗಿ ಬಂದವರು ಯಾರೇ ಆಗಲಿ, ಮೊದಲ ದಿನ ಬಾಗಿಲ ಬಳಿ ಕೂತು ಇಲ್ಲಿಯ ರೀತಿನೀತಿಯನ್ನೆಲ್ಲ ಕೇಳಿಸಿಕೊಳ್ಳಬೇಕು ಎನ್ನುತ್ತೀರಿ. ಏನೂ ಅರಿಯದವನಿಗೆ ಅದು ಸರಿ. ಎಲ್ಲ ಬಲ್ಲವನಿಗೂ ಯಾಕೆ? ಕೇಳುವ ಅವನಿಗೂ ಬೇಸರ, ಹೇಳುವ ನನಗೂ ಬೇಸರ."

ಗುರು ಈ ಕತೆ ಹೇಳಿದರು.

ಒಬ್ಬ ಬಡಗಿ ಇದ್ದ. ಕಾಂಕ್ರೀಟು ಸುರಿಯುವ ಮುಂಚೆ ಹಲಗೆ ಹೊಡೆದು ಅಚ್ಚು ಕಟ್ಟುವುದು ಅವನ ಕೆಲಸ. ಎಷ್ಟೋ ಊರುಗಳಲ್ಲಿ ದುಡಿದಿದ್ದ. ಅವನು ಕೂಡಿಸಿದ ಹಲಗೆಗಳ ಸಂದಿನಲ್ಲಿ ಸಿಮೆಂಟಿನ ನೀರು ಕೂಡ ಜಿನುಗುತ್ತಿರಲಿಲ್ಲ. ಇದು ನೋಡಿದವರಿಗೆಲ್ಲ ಗೊತ್ತಿತ್ತು. ಅವನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಒಮ್ಮೆ ಅವನು ಕೆಲಸ ಹುಡುಕಿಕೊಂಡು ದೂರದ ಪಟ್ಟಣಕ್ಕೆ ಹೋದ. ಅಲ್ಲಿ ದೊಡ್ಡ ಕಟ್ಟಡವೊಂದು ಏಳುತ್ತಿತ್ತು. ಆದರೆ ಅಲ್ಲೊಂದು ಕಟ್ಟಳೆ ಇತ್ತು. ಹೊಸಬರು ಒಂದು ದಿನ ಪೂರ್ತಿ ಗೇಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಕೂತು ಸುರಕ್ಷತೆಯ ಪಾಠ ಕೇಳಬೇಕು. ಪಾಠ ಮುಗಿದ ಮೇಲೆ ಪ್ರತಿಯೊಬ್ಬರಿಗೂ ಅವರ ಹೆಸರು ಕೊರೆದ ಬಿಲ್ಲೆಯೊಂದನ್ನು ಕೊಡುತ್ತಿದ್ದರು. ಅದನ್ನು ಕೊರಳಿಗೆ ಹಾಕಿಕೊಂಡವರಿಗೆ ಮಾತ್ರ ಒಳಗೆ ಹೋಗುವ ಅಪ್ಪಣೆ. ಸಂಜೆ ಹೊರಗೆ ಬಂದವರು ಗೇಟಿನ ಬಳಿಯ ಹಲಗೆಯಲ್ಲಿ ತಮ್ಮ ತಮ್ಮ ಮೊಳೆಗೆ ಬಿಲ್ಲೆಯನ್ನು ತೂಗುಹಾಕಿ ಮನೆಗೆ ಹೋಗಬೇಕು. ಮೊಳೆಗಳೆಲ್ಲ ತುಂಬಿದರೆ ಒಳಗೆ ಯಾರೂ ಇಲ್ಲವೆಂದು ಲೆಕ್ಕ.

ಮೇಸ್ತ್ರಿ ಗೇಟಿನಲ್ಲೇ ಅವನನ್ನು ಶೆಡ್ಡಿಗೆ ಕಳಿಸಿದ. ಸುತ್ತಿಗೆ ಹಿಡಿದೇ ಗೊತ್ತಿಲ್ಲದವರ ಸಾಲಿನಲ್ಲಿ ಬಡಗಿ ಕೂತ. ಪಾಠ ಹೇಳುವವಳು ಅವನ ತಂಗಿಯ ವಯಸ್ಸಿನ ಹೆಂಗಸು. ಹೆಲ್ಮೆಟ್ಟಿನ ಪಟ್ಟಿಯನ್ನು ಗದ್ದದ ಕೆಳಗೆ ಬಿಗಿಯುವುದು ಹೇಗೆ, ಎತ್ತರದಲ್ಲಿ ಸೊಂಟದ ಬೆಲ್ಟನ್ನು ಯಾವುದಕ್ಕೆ ಸಿಕ್ಕಿಸಬೇಕು ಎಂದು ತೋರಿಸುತ್ತಿದ್ದಳು. ಬಡಗಿ ಆಕಳಿಸಿದ. ಆಮೇಲೆ ಅವಳು ಒಬ್ಬೊಬ್ಬರನ್ನೇ ಎಬ್ಬಿಸಿ ಹೆಸರು, ಊರು ಕೇಳತೊಡಗಿದಳು. ಬಡಗಿಯ ಸರದಿ ಬಂದಾಗ ಅವನು ಕೂತಲ್ಲಿಂದ ಏಳಲಿಲ್ಲ.

"ನನ್ನ ಹೆಸರು ತಗೊಂಡು ಏನು ಮಾಡ್ತೀ ತಂಗಿ? ನನ್ನ ಕೆಲಸ ನೋಡು, ಸಾಕು" ಎಂದ.

ಸಾಲಿನಲ್ಲಿ ಕೆಲವರು ನಕ್ಕರು. ಅವಳು ಮುಖ ಗಂಟಿಕ್ಕಲಿಲ್ಲ. ಬಿಲ್ಲೆ ಕೊಡುವಾಗ ಹೇಳಿದರಾಯಿತು ಎಂದು ಮುಂದಿನವನ ಕಡೆ ತಿರುಗಿದಳು.

ಚಹಾಕ್ಕೆ ಬಿಟ್ಟಾಗ ಬಡಗಿಗೆ ತಾಳ್ಮೆ ತಪ್ಪಿತು. ಹತಾರದ ಚೀಲವನ್ನು ಬೆಂಚಿನ ಕೆಳಗೆ ಬಿಟ್ಟು, ಸುತ್ತಿಗೆಯೊಂದನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದ. ನಾಲ್ಕಾರು ಜನ ಉದ್ದನೆಯ ಹಲಗೆಗಳನ್ನು ಹೊತ್ತು ಗೇಟಿನೊಳಗೆ ಹೋಗುತ್ತಿದ್ದರು. ಅವನೂ ಒಂದು ಹಲಗೆಯ ತುದಿಗೆ ಹೆಗಲು ಕೊಟ್ಟ. ಹೊರೆ ಹೊತ್ತವನನ್ನು ಯಾರು ತಡೆಯುತ್ತಾರೆ? ಕಾವಲುಗಾರ ಪಕ್ಕಕ್ಕೆ ಸರಿದು ದಾರಿಯನ್ನೇ ಬಿಟ್ಟುಕೊಟ್ಟ.

ಹಲಗೆ ಇಳಿಸಿ ಬಡಗಿ ಒಬ್ಬನೇ ಮೇಲಿನ ಅಂತಸ್ತು ಹತ್ತಿದ. ಕೈಯಲ್ಲೊಂದು ಕೆಲಸ ಮಾಡಿ ತೋರಿಸಿದರೆ ಮೇಸ್ತ್ರಿ ತಾನಾಗಿ ಒಪ್ಪುತ್ತಾನೆಂದು ಅವನ ಎಣಿಕೆ. ಅಲ್ಲೊಂದು ಮೂಲೆಯಲ್ಲಿ ಹೊಸ ಪ್ಲೈವುಡ್ಡಿನ ಹಾಳೆ ನೆಲಕ್ಕೆ ಬಿದ್ದಿತ್ತು. ಮೇಲೆ ಕೆಂಪು ಬಣ್ಣದ ಗುರುತು ಬಳಿದಿದ್ದರು. ಇಷ್ಟು ಒಳ್ಳೆಯ ಹಾಳೆಯನ್ನು ಕಾಲ ಕೆಳಗೆ ಬಿಟ್ಟಿದ್ದಾರಲ್ಲ ಎಂದು ಅವನಿಗೆ ಕೆಡುಕೆನಿಸಿತು. ಕೆಂಪು ಗುರುತು ಇದ್ದಲ್ಲಿ ಅಡಿಯಲ್ಲಿ ಗುಂಡಿ ಇದೆ, ಅದನ್ನು ಎತ್ತಕೂಡದು ಎಂದು ಕೆಳಗೆ ಶೆಡ್ಡಿನಲ್ಲಿ ಆ ಹೆಂಗಸು ಹೇಳುತ್ತಿದ್ದುದು ಹೆಚ್ಚುಕಡಿಮೆ ಅದೇ ಹೊತ್ತಿಗೆ.

ಅವನು ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಆನಿಸಿಕೊಂಡ. ಮುಂದಿನ ನೆಲ ಕಾಣಲಿಲ್ಲ. ಒಂದು ಹೆಜ್ಜೆ ಇಟ್ಟ. ಹೆಜ್ಜೆಗೆ ನೆಲ ಸಿಗಲಿಲ್ಲ.

ಅದು ಲಿಫ್ಟಿಗೆಂದು ಬಿಟ್ಟ ಬಾವಿಯಂಥ ಗುಂಡಿ. ನಡುವೆ ಕಟ್ಟಿದ್ದ ಬಲೆಯೊಂದು ಹರಿದು ಅವನ ವೇಗವನ್ನು ತಡೆಯಿತು. ಅವನು ತಳದ ಮಣ್ಣಿನ ರಾಶಿಯ ಮೇಲೆ ಬಿದ್ದ. ಮೊಣಕಾಲಿನ ಕೆಳಗೆ ಕಾಲು ಮುರಿದಿತ್ತು. ಹಿಂದೆಯೇ ಹಾಳೆಯೂ ಬಂದು ಅವನ ಮೇಲೆ ಓರೆಯಾಗಿ ಒರಗಿತು. ಬೀಳುವುದನ್ನು ಯಾರೂ ನೋಡಿರಲಿಲ್ಲ. ಕೂಗಿದ. ಕಾಂಕ್ರೀಟು ಕಲಸುವ ಯಂತ್ರದ ಸದ್ದಿನಲ್ಲಿ ಅವನ ಕೂಗು ಅವನಿಗೇ ಕೇಳಲಿಲ್ಲ.

ಸಂಜೆ ಯಂತ್ರ ನಿಂತಿತು. ಜನ ಇಳಿದು ಗೇಟಿನ ಕಡೆ ನಡೆಯುವ ಸದ್ದು, ಬಿಲ್ಲೆಗಳು ಮೊಳೆಗೆ ಬಡಿಯುವ ಸಣ್ಣ ಕಿಣಿಕಿಣಿ ಅವನಿಗೆ ಕೇಳಿಸಿತು. ಶಕ್ತಿಯನ್ನೆಲ್ಲ ಕೂಡಿಸಿ ಕೂಗಿದ: "ಇಲ್ಲಿದ್ದೀನಿ!"

ಆ ಗುಂಡಿಗೆ ಪ್ರತಿ ಅಂತಸ್ತಿನಲ್ಲೂ ಒಂದೊಂದು ಬಾಯಿ. ಕೂಗು ಎಲ್ಲ ಬಾಯಿಗಳಿಂದಲೂ ಒಟ್ಟಿಗೆ ಹೊರಟಿತು. ಗೇಟಿನ ಬಳಿ ಇದ್ದವರಿಗೆ ಇಡೀ ಕಟ್ಟಡ ಮಾತಾಡಿದ ಹಾಗೆ ಕೇಳಿತು. ಎಲ್ಲರೂ ನಿಂತರು. ಮೇಸ್ತ್ರಿ ಹಲಗೆಯ ಹತ್ತಿರ ಹೋಗಿ ಒಂದೊಂದು ಮೊಳೆಯನ್ನೂ ಮುಟ್ಟಿ ನೋಡಿದ. ಒಂದೂ ಖಾಲಿ ಇರಲಿಲ್ಲ. ಒಳಗೆ ಯಾರೂ ಇಲ್ಲ ಎಂದ. ಅವನು ಹಾಗೆ ಹೇಳುವಾಗಲೇ ಕಟ್ಟಡ ಇನ್ನೊಮ್ಮೆ "ಇದ್ದೀನಿ" ಎಂದಿತು.

ಹೆಜ್ಜೆಗಳು ಹಿಂದಕ್ಕೆ ಸರಿದವು. ಆಮೇಲೆ ಓಡಿದವು. ಗೇಟು ಮುಚ್ಚಿದ ಸದ್ದು ಗುಂಡಿಯ ತಳಕ್ಕೆ ಸ್ಪಷ್ಟವಾಗಿ ಇಳಿದು ಬಂತು.

ಮಾರನೆಯ ಬೆಳಿಗ್ಗೆ ಬಡಗಿಗೆ ಎಚ್ಚರವಾದಾಗ ಮೇಲೆ ಕರ್ಪೂರದ ವಾಸನೆ. ಜನ ಗುಂಡಿಯ ಬಾಯಿಯ ಬಳಿ ಬಂದಿದ್ದರು. ತನ್ನನ್ನು ಎತ್ತಲು ಬಂದರೆಂದು ಅವನ ಜೀವ ಹಿಗ್ಗಿತು. ಕೂಗಿದ. ಮೇಲಿನವರು ಇನ್ನೂ ಜೋರಾಗಿ ಗಂಟೆ ಬಾರಿಸಿದರು. ಯಾರೋ ನಡುಗುವ ದನಿಯಲ್ಲಿ, ನಮ್ಮಿಂದ ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಂಡು ನಿನ್ನ ಜಾಗಕ್ಕೆ ಹೋಗಪ್ಪಾ ಎಂದು ಬೇಡಿಕೊಂಡರು. ತೆಂಗಿನಕಾಯಿ ಒಡೆದ ಸದ್ದಾಯಿತು. ಅದರ ಒಂದು ಹೋಳು ಕುಂಕುಮ ಹಚ್ಚಿದ್ದು ಉರುಳಿ ಬಂದು ಅವನ ಎದೆಯ ಮೇಲೆ ಬಿತ್ತು.

ಬಡಗಿ ಆ ಹೋಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಪೂಜೆ ತನಗೇ ನಡೆಯುತ್ತಿದೆ ಎಂದು ಅವನಿಗೆ ತಿಳಿಯಿತು. ಹಸಿವಿತ್ತು, ತಿಂದ. ಮತ್ತೆ ಕೂಗಿದರೆ ಅವರು ಮತ್ತಷ್ಟು ದೂರ ಸರಿಯುತ್ತಿದ್ದರು. ಕೂಗದೆ ಇದ್ದರೆ ದೆವ್ವ ಶಾಂತವಾಯಿತೆಂದು ಸಮಾಧಾನಪಡುತ್ತಿದ್ದರು.

ಆ ದಿನ ಸಂಜೆಯೂ ಬಿಲ್ಲೆಗಳ ಕಿಣಿಕಿಣಿ ಕೇಳಿತು. ಲೆಕ್ಕ ಸರಿಯಾಗಿದೆ ಎಂದು ಮೇಸ್ತ್ರಿ ಕೂಗಿ ಹೇಳಿದ್ದೂ ಕೇಳಿತು. ಬಡಗಿ ಜೀವಮಾನವೆಲ್ಲ ಅಳತೆಯನ್ನು ನಂಬಿ ಬದುಕಿದವನು. ಲೆಕ್ಕ ಸರಿಯಾಗಿದ್ದರೆ ತಾನು ಯಾರು ಎಂಬ ಯೋಚನೆ ಅವನಿಗೆ ಮೊದಲ ಸಲ ಬಂತು. ಬಿದ್ದಾಗಲೇ ಸತ್ತಿರಬಹುದು, ಸತ್ತವರಿಗೆ ಅದು ತಿಳಿಯುವುದಿಲ್ಲವೋ ಏನೋ. ಕಾಲು ಮುಟ್ಟಿ ನೋಡಿಕೊಂಡ. ನೋವೂ ನಿಂತುಹೋಗಿತ್ತು. ಅವನು ಕೂಗುವುದನ್ನು ಬಿಟ್ಟ.

ಮುಂದಿನ ದಿನ ಮೇಲೆ ಸುತ್ತಿಗೆಯ ಸದ್ದು. ಪೂಜೆಯಿಂದ ದನಿ ಅಡಗಿದೆ, ಅದು ಮತ್ತೆ ಏಳುವ ಮುಂಚೆ ಬಾಯಿಗಳನ್ನೆಲ್ಲ ಹಲಗೆ ಹೊಡೆದು ಮುಚ್ಚಿಬಿಡೋಣ ಎಂದು ಮೇಸ್ತ್ರಿ ಹೇಳಿದ್ದ. ಮೊದಲು ಮೇಲಿನ ಅಂತಸ್ತಿನ ಬೆಳಕು ಹೋಯಿತು. ಆಮೇಲೆ ಅದರ ಕೆಳಗಿನದು. ಬಡಗಿ ಮಲಗಿದಲ್ಲಿಂದಲೇ ಕೇಳುತ್ತಿದ್ದ. ಮೊಳೆ ಉದ್ದ ಸಾಲದು, ಹಲಗೆಗೆ ಹಿಡಿತ ಸಿಗುವುದಿಲ್ಲ ಎಂದುಕೊಂಡ. ತನ್ನ ಮೇಲೆಯೇ ಮುಚ್ಚಳ ಹೊಡೆಯುತ್ತಿದ್ದಾರೆಂದು ಅವನಿಗೆ ಹೆದರಿಕೆಯೂ ಆಗಲಿಲ್ಲ.

ಆ ಹೊತ್ತಿಗೆ ಶೆಡ್ಡಿನಲ್ಲಿ ಕಸ ಗುಡಿಸುತ್ತಿದ್ದ ಆ ಹೆಂಗಸಿಗೆ ಬೆಂಚಿನ ಕೆಳಗೆ ಚೀಲ ಸಿಕ್ಕಿತು. ಬಿಚ್ಚಿ ನೋಡಿದಳು. ಉಳಿ, ಗರಗಸ, ಮೂಲೆಮಟ್ಟ. ಚಹಾಕ್ಕೆ ಎದ್ದವನು ಪಾಠ ಬೇಸರವಾಗಿ ಊರಿಗೆ ಹೋದನೆಂದು ಅವಳು ತಿಳಿದಿದ್ದಳು. ಹಾಗೆ ಹೋಗುವವರು ಬಹಳ. ಆದರೆ ಹತಾರ ಬಿಟ್ಟು ಯಾವ ಬಡಗಿ ಊರಿಗೆ ಹೋದಾನು? ಚೀಲವನ್ನು ಕೈಯಲ್ಲಿ ಹಿಡಿದೇ ಅವಳು ಓಡಿದಳು.

ಕಡೆಯ ಹಲಗೆಯನ್ನು ಹೊಡೆಯುವುದೊಂದು ಬಾಕಿ ಇತ್ತು. ಅವಳು ಸುತ್ತಿಗೆಗಳನ್ನು ನಿಲ್ಲಿಸಿದಳು. ಮೇಸ್ತ್ರಿ ಬೇಡವೆಂದ, ಮಾತಾಡಿಸಿದರೆ ಅದು ಮೈಮೇಲೆ ಬರುತ್ತದೆ ಎಂದ. ಅವಳು ನೆಲದ ಮೇಲೆ ಮಲಗಿ ಗುಂಡಿಯೊಳಗೆ ತಲೆ ಬಗ್ಗಿಸಿದಳು. ಯಾರಾದರೂ ಇದ್ದೀರಾ ಎಂದು ಅವಳು ಕೇಳಲಿಲ್ಲ.

"ಅಣ್ಣಾ, ನಿನ್ನ ಹೆಸರೇನು?" ಎಂದಳು.

ಕೆಳಗಿನಿಂದ ಏನೂ ಬರಲಿಲ್ಲ. ಮೇಸ್ತ್ರಿ ಅವಳ ತೋಳು ಹಿಡಿದು ಎಳೆದ. ಅವಳು ಕೊಸರಿಕೊಂಡು ಮತ್ತೆ ಅದನ್ನೇ ಕೇಳಿದಳು.

ತಳದಲ್ಲಿ ಬಡಗಿ ಪ್ರಶ್ನೆಯನ್ನು ಕೇಳಿಸಿಕೊಂಡಿದ್ದ. ಉತ್ತರಕ್ಕಾಗಿ ಹುಡುಕುತ್ತಿದ್ದ. ಕತ್ತಲೆ ಕೋಣೆಯಲ್ಲಿ ಕೈ ಆಡಿಸಿದ ಹಾಗೆ ಹುಡುಕಿದ. ಅವ್ವ ಒಲೆಯ ಮುಂದೆ ಕೂತು ಊಟಕ್ಕೆ ಕರೆದದ್ದು ನೆನಪಾಯಿತು. ಅವಳು ಕರೆದ ಹಾಗೆಯೇ ತುಟಿ ಆಡಿಸಿದ.

"ಮಾನಪ್ಪ" ಎಂದ.

ಹಗ್ಗ ಬಿಟ್ಟು ಅವನನ್ನು ಮೇಲೆತ್ತಿದರು. ಅವನ ಹಣೆಗೆ, ಎದೆಗೆ ಕುಂಕುಮ ಹತ್ತಿತ್ತು. ಬಿಸಿಲಿನಲ್ಲಿ ಅವನನ್ನು ಮಲಗಿಸಿದಾಗ ಒಬ್ಬಿಬ್ಬರು ಮೊದಲು ನೋಡಿದ್ದು ಅವನಿಗೆ ನೆರಳು ಬೀಳುತ್ತಿದೆಯೇ ಎಂದು.

ಕಾಲು ಸೊಟ್ಟಗೆ ಕೂಡಿಕೊಂಡಿತು. ಮಾನಪ್ಪ ಕೋಲೂರಿಕೊಂಡು ಮತ್ತೆ ಅದೇ ಶೆಡ್ಡಿಗೆ ಬಂದ. ಬೆಳಗಿನಿಂದ ಸಂಜೆಯವರೆಗೆ ಕೂತ. ಸರದಿ ಬಂದಾಗ ಕಷ್ಟಪಟ್ಟು ಎದ್ದು ನಿಂತು ಹೆಸರು, ಊರು ಹೇಳಿದ. ಅವನಿಗೂ ಒಂದು ಬಿಲ್ಲೆ, ಒಂದು ಮೊಳೆ ಸಿಕ್ಕಿತು. ಮೇಸ್ತ್ರಿ ಅವನಿಗೆ ಕೂತು ಮಾಡುವ ಕೆಲಸ ಕೊಟ್ಟ. ಆದರೂ ಊಟದ ಹೊತ್ತಿನಲ್ಲಿ ಅವನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಮರಳು ಹೊರುವ ಹೆಂಗಸರು ಅವನ ಮುಂದೆ ಹಾಯುವಾಗ ತಲೆ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದರು. ನಾನೂ ನಿಮ್ಮ ಹಾಗೆ ಮನುಷ್ಯ ಎಂದು ಹೇಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಆ ಗುಂಡಿಯಲ್ಲಿ ಅವನಿಗೇ ಅದು ಖಾತ್ರಿಯಿರಲಿಲ್ಲವಲ್ಲ.

ಅವನು ಒಂದು ರೂಢಿ ಇಟ್ಟುಕೊಂಡ. ಸಂಜೆ ಎಲ್ಲ ಮೊಳೆಗಳೂ ತುಂಬಿ, ಲೆಕ್ಕ ಸರಿಯಾಗಿದೆ ಎಂದು ಮೇಸ್ತ್ರಿ ಕೂಗಿದ ಮೇಲೆ, ಕೋಲೂರುತ್ತ ಒಬ್ಬನೇ ಒಳಗೆ ಹೋಗುತ್ತಿದ್ದ. ಪ್ರತಿ ಗುಂಡಿಯ ಬಾಯಿಯಲ್ಲೂ ಬಗ್ಗಿ, ಅಣ್ಣಾ ನಿನ್ನ ಹೆಸರೇನು ಎಂದು ಕೇಳುತ್ತಿದ್ದ. ಕೇಳಿ, ಸುಮ್ಮನೆ ಕಾಯುತ್ತಿದ್ದ. ಆ ಕಟ್ಟಡ ಮುಗಿಯಿತು. ಮುಂದೆ ಎಷ್ಟೋ ಕಟ್ಟಡಗಳಲ್ಲಿ ದುಡಿದ. ಎಲ್ಲಿಯೂ ಈ ರೂಢಿ ಬಿಡಲಿಲ್ಲ. ಅವನಿಗೆ ತಲೆ ಕೆಟ್ಟಿದೆ ಎಂದು ಜನ ಆಡಿಕೊಂಡರು. ಆದರೂ ಅವನು ಒಳಗೆ ಹೋಗಿ ಕೇಳಿ ಬರುವವರೆಗೆ ಯಾವ ಕಾವಲುಗಾರನೂ ಗೇಟಿಗೆ ಬೀಗ ಹಾಕುತ್ತಿರಲಿಲ್ಲ.

ಗುರು ಕತೆ ನಿಲ್ಲಿಸಿದರು. ಆಮೇಲೆ ಯಾವತ್ತಾದರೂ ಗುಂಡಿಯಿಂದ ಉತ್ತರ ಬಂತೇ ಎಂದು ಶಿಷ್ಯ ಮೆಲ್ಲನೆ ಕೇಳಿದ.

ಗುರು ಪಡಸಾಲೆಯ ಕಡೆ ನೋಡಿದರು. "ಮೊನ್ನೆಯಿಂದ ನಮ್ಮ ಪಡಸಾಲೆಯಲ್ಲಿ ಮಲಗುತ್ತಿರುವವನ ಹೆಸರೇನು?" ಎಂದರು.

ಶಿಷ್ಯ ಅದನ್ನು ಕೇಳಿ ಬರಲು ಎದ್ದು ಪಡಸಾಲೆಗೆ ಹೋದ.